ಎರಡು ಪಾಯಿಂಟ್ ಹಿಂದೆ, ಆರು ನಿಮಿಷ ಬಾಕಿ, ಎದುರಾಳಿ ಚೆಂಡೇ ಬಿಡುತ್ತಿಲ್ಲ: ಗೇಲಿಕ್ ಫುಟ್‌ಬಾಲ್‌ನಲ್ಲಿ ಇದಕ್ಕೆ ಏನು ಮಾಡಬೇಕು?

ನೀವು ಕೇಳಿರುವುದು ಇಷ್ಟು. ಐರ್ಲೆಂಡಿಗೆ ಬಂದು ಎರಡು ವರ್ಷ ಆಗಿದೆ, ಊರಿನ ಕ್ಲಬ್ಬಿನ ಜೂನಿಯರ್ ತಂಡದಲ್ಲಿ ಆಡುತ್ತಿದ್ದೀರಿ. ಕಳೆದ ಮ್ಯಾಚಿನಲ್ಲಿ ಎದುರಾಳಿಗಳು ಎರಡು ಪಾಯಿಂಟ್ ಮುಂದಿದ್ದರು. ಕೊನೆಯ ಆರು ನಿಮಿಷ ಚೆಂಡನ್ನು ಕೈಯಿಂದ ಕೈಗೆ ದಾಟಿಸುತ್ತಲೇ ಕಾಲ ಕಳೆದರು. ನೀವೆಲ್ಲ ಅತ್ತಿಂದಿತ್ತ ಓಡಿ ಸುಸ್ತಾದಿರಿ. ಇದನ್ನು ತಡೆಯುವ ದಾರಿ ಇದೆಯಾ ಅಂತ ಕೇಳಿದ್ದೀರಿ.

ಇದೆ. ನಾನು ಮೂಲತಃ ತುಮಕೂರು ಕಡೆಯವನು. ಒಂಬತ್ತು ವರ್ಷದಿಂದ ಇಲ್ಲಿದ್ದೇನೆ. ಮಗನನ್ನು ಟ್ರೈನಿಂಗ್‌ಗೆ ಬಿಡಲು ಹೋಗಿ ಹೋಗಿ, ಈಗ ನಮ್ಮ ಕ್ಲಬ್ಬಿನ ಜೂನಿಯರ್ ತಂಡಕ್ಕೆ ಕೋಚಿಂಗ್‌ನಲ್ಲಿ ಕೈ ಜೋಡಿಸುತ್ತೇನೆ. ನಿಮಗಾದದ್ದೇ ನಮಗೂ ಆಗಿದೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಂದು ಕಡೆ 15 ಜನ. ಚೆಂಡನ್ನು ಕೈಯಲ್ಲಿ ಹಿಡಿಯಬಹುದು, ಒದೆಯಬಹುದು, ಕೈಯಿಂದ ಹೊಡೆದು ದಾಟಿಸಬಹುದು (ಇದೇ ಹ್ಯಾಂಡ್‌ಪಾಸ್). ಕೈಯಲ್ಲಿಟ್ಟುಕೊಂಡು ನಾಲ್ಕು ಹೆಜ್ಜೆಗಿಂತ ಜಾಸ್ತಿ ಹಾಕುವಂತಿಲ್ಲ. ಅಷ್ಟರಲ್ಲಿ ನೆಲಕ್ಕೆ ಬಡಿದು ಹಿಡಿಯಬೇಕು, ಇಲ್ಲವೇ ಕಾಲ ತುದಿಯಿಂದ ಮೇಲಕ್ಕೆ ಚಿಮ್ಮಿಸಿ ಹಿಡಿಯಬೇಕು. ಈ ಎರಡನೆಯದಕ್ಕೇ ಸೋಲೋ ಅನ್ನುವುದು. ಅಡ್ಡಪಟ್ಟಿಯ ಮೇಲೆ ಹೋದರೆ ಒಂದು ಪಾಯಿಂಟ್, ಕೆಳಗೆ ಬಲೆಗೆ ಬಿದ್ದರೆ ಗೋಲು, ಅಂದರೆ ಮೂರು.

ಈಗ ನಮ್ಮ ಕಥೆ. ಬೇರೆ ಊರಿನಲ್ಲಿ ಲೀಗ್ ಮ್ಯಾಚು, ಜಿಟಿಜಿಟಿ ಮಳೆ, ಎರಡು ಪಾಯಿಂಟ್ ಹಿಂದಿದ್ದೆವು. ಅವರ 6ನೇ ನಂಬರಿನವನು ಮೈದಾನದ ನಡುವೆ ನಿಂತು ಬಲಕ್ಕೆ ಕೊಟ್ಟ, ವಾಪಸ್ ತಗೊಂಡ, ಎಡಕ್ಕೆ ಕೊಟ್ಟ, ಮತ್ತೆ ವಾಪಸ್ ತಗೊಂಡ. ನಮ್ಮ ಮಿಡ್‌ಫೀಲ್ಡ್ ಹುಡುಗ ಒಬ್ಬನೇ ಅವನ ಮೇಲೆ ಓಡಿದ, ಪಾಸ್ ಹೋಯಿತು. ಪಾಸ್ ಹೋದ ಕಡೆಗೆ ಓಡಿದ, ಅಲ್ಲಿಂದಲೂ ಹೋಯಿತು. ಉಳಿದವರು ತಮ್ಮ ತಮ್ಮ ಜಾಗದಲ್ಲಿ ನಿಂತು "ಹೋಗು, ಹೋಗು" ಅಂತ ಕೂಗುತ್ತಿದ್ದರು. ನಾಲ್ಕನೇ ಸಲ ಅವನಿಗೆ ತಡೆಯಲಾಗಲಿಲ್ಲ, ಹಿಂದಿನಿಂದ ತೋಳು ಹಾಕಿ ಕೆಡವಿದ. ಬ್ಲ್ಯಾಕ್ ಕಾರ್ಡ್, ಹತ್ತು ನಿಮಿಷ ಹೊರಗೆ. ಉಳಿದದ್ದೇ ನಾಲ್ಕು ನಿಮಿಷ. ಅಲ್ಲಿಗೆ ಮ್ಯಾಚ್ ಮುಗಿದ ಹಾಗೇ. ಆ ಹುಡುಗ ಡ್ರೆಸ್ಸಿಂಗ್ ರೂಮಿನಲ್ಲಿ ತಲೆ ಎತ್ತಲಿಲ್ಲ. ತಪ್ಪು ಅವನದಲ್ಲ ಅಂತ ನನಗೆ ಆವತ್ತೇ ಅನ್ನಿಸಿತ್ತು.

ಚಿಕ್ಕಂದಿನಲ್ಲಿ ಕಬಡ್ಡಿ ಆಡಿದ್ದೀರಾ? ರೈಡರ್ ಒಳಗೆ ಬಂದಾಗ ಒಬ್ಬನೇ ನುಗ್ಗಿದರೆ ಏನಾಗುತ್ತದೆ? ಮುಟ್ಟಿಸಿಕೊಂಡು ಔಟ್. ಕಾರ್ನರ್‌ನಲ್ಲಿ ನಿಂತವನು ಕಾಯುತ್ತಾನೆ, ಪಕ್ಕದವನ ಕೈ ಹಿಡಿದು ಚೈನ್ ಮಾಡುತ್ತಾನೆ. ರೈಡರ್ ಒಂದು ಹೆಜ್ಜೆ ಜಾಸ್ತಿ ಒಳಗಿಟ್ಟಾಗ ಎಲ್ಲರೂ ಒಟ್ಟಿಗೆ ಬೀಳುತ್ತಾರೆ. ಇಲ್ಲಿಯೂ ಆಗಬೇಕಾದ್ದು ಅದೇ. ಒಬ್ಬನೇ ಓಡುವುದಾದರೆ ಓಡದಿರುವುದೇ ವಾಸಿ.

ಕಬಡ್ಡಿಯಲ್ಲಿ ಇನ್ನೊಂದು ಅನುಕೂಲ ಇದೆ. ಒಂದು ರೈಡಿಗೆ 30 ಸೆಕೆಂಡ್. ಪ್ರೊ ಕಬಡ್ಡಿಯಲ್ಲಾದರೆ ಎರಡು ರೈಡ್ ಖಾಲಿ ಹೋದರೆ ಮೂರನೆಯದು ಡೂ ಆರ್ ಡೈ, ಪಾಯಿಂಟ್ ತರದಿದ್ದರೆ ರೈಡರ್ ಔಟ್. ಬ್ಯಾಸ್ಕೆಟ್‌ಬಾಲ್‌ನಲ್ಲಿ 24 ಸೆಕೆಂಡಿನ ಗಡಿಯಾರ. ಗೇಲಿಕ್ ಫುಟ್‌ಬಾಲ್‌ನಲ್ಲಿ ಅಂಥದ್ದು ಇಲ್ಲ. ಎಷ್ಟು ಹೊತ್ತು ಬೇಕಾದರೂ ಚೆಂಡು ಇಟ್ಟುಕೊಳ್ಳಬಹುದು. ಸತತ ಮೂರೇ ಹ್ಯಾಂಡ್‌ಪಾಸ್ ಅನ್ನುವ ಮಿತಿಯನ್ನು 2019ರ ಲೀಗ್‌ಗೆ ಮೊದಲಿನ ಪಂದ್ಯಗಳಲ್ಲಿ ಪ್ರಯೋಗ ಮಾಡಿದರು. ಲೀಗ್ ಶುರುವಾಗುವ ಮುಂಚೆಯೇ ಕೈಬಿಟ್ಟರು. ಹಾಗಾಗಿ ಅವರು ಮಾಡಿದ್ದು ಮೋಸ ಅಲ್ಲ. ನೋಡಲು ಬೇಜಾರು, ನಿಜ. ಆದರೆ ರೆಫರಿ ಮೇಲೆ ಕೂಗಾಡಬೇಡಿ. ಈಗಿನ ನಿಯಮದಲ್ಲಿ ರೆಫರಿಗೆ ಎದುರು ಮಾತಾಡಿದರೆ ಫ್ರೀ ಕಿಕ್ 50 ಮೀಟರ್ ಮುಂದೆ ಹೋಗುತ್ತದೆ. ಎರಡು ಪಾಯಿಂಟ್ ಹಿಂದಿರುವಾಗ ಅದು ಬೇಕಾ?

ನಿಯಮ ನಮಗೆ ಕೊಟ್ಟಿರುವುದೂ ಕಡಿಮೆ ಏನಲ್ಲ. ಡಬ್ಲಿನ್ ತಂಡದ ಮ್ಯಾನೇಜರ್ ಆಗಿದ್ದ ಜಿಮ್ ಗ್ಯಾವಿನ್ ಅವರ ನೇತೃತ್ವದ ಸಮಿತಿ ಹೊಸ ನಿಯಮಗಳನ್ನು ತಂದಿತು. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು, 2025ರಿಂದ ಜಾರಿಗೆ ಬಂದವು. ನಿಮ್ಮ ಪ್ರಶ್ನೆಗೆ ಸಂಬಂಧಪಟ್ಟವು ಇವು. ಎರಡೂ ತಂಡಗಳು ಕನಿಷ್ಠ ಮೂವರನ್ನು ಎದುರಾಳಿಯ ಅರ್ಧದಲ್ಲಿ ಬಿಟ್ಟಿರಬೇಕು, ಎಲ್ಲರೂ ಒಂದೇ ಕಡೆ ಮುತ್ತುವಂತಿಲ್ಲ. ಗೋಲ್‌ಕೀಪರ್‌ಗೆ ಬೇಕೆಂದಾಗಲೆಲ್ಲ ಪಾಸ್ ಕೊಡುವಂತಿಲ್ಲ. ಕೊಡುವವನೂ ಅವನೂ ಇಬ್ಬರೂ ಗೋಲಿನ ಮುಂದಿನ ದೊಡ್ಡ ಚೌಕದೊಳಗಿರಬೇಕು, ಇಲ್ಲವೇ ಕೀಪರ್ ನಡುಗೆರೆ ದಾಟಿ ಬಂದಿರಬೇಕು. ಕಿಕ್‌ಔಟ್, ಅಂದರೆ ಪಾಯಿಂಟ್ ಆದ ಮೇಲೆ ಅಥವಾ ಶಾಟ್ ಹೊರಗೆ ಹೋದ ಮೇಲೆ ಕೀಪರ್ ಒದ್ದು ಆಟ ಶುರು ಮಾಡುವುದು, 40 ಮೀಟರ್ ಆರ್ಕ್ ದಾಟಲೇಬೇಕು; ಆರ್ಕ್ ಅಂದರೆ ಗೋಲಿನಿಂದ ಅಷ್ಟು ದೂರದಲ್ಲಿ ಎಳೆದ ಬಿಲ್ಲಿನಾಕಾರದ ಗೆರೆ. ಆ ಆರ್ಕಿನ ಹೊರಗಿಂದ ಒದ್ದು ಮೇಲೆ ಹಾಕಿದರೆ ಎರಡು ಪಾಯಿಂಟ್. ಅಂದರೆ ಎರಡು ಪಾಯಿಂಟ್ ಹಿಂದಿದ್ದೀರಿ ಅಂದರೆ ಒಂದೇ ಒಂದು ಒದೆತದಷ್ಟು ದೂರದಲ್ಲಿದ್ದೀರಿ. ಇದನ್ನು ಹುಡುಗರ ತಲೆಯಲ್ಲಿ ಗಟ್ಟಿಯಾಗಿ ಕೂರಿಸಿ. ನಮ್ಮವರು ಎರಡು ಪಾಯಿಂಟಿಗೇ ಗಾಬರಿ ಬೀಳುತ್ತಿದ್ದರು.

ಈಗ ಅಸಲು ವಿಷಯ. ಚೆಂಡು ಇಟ್ಟುಕೊಂಡು ಕಾಲ ಕಳೆಯುವ ತಂಡಕ್ಕೆ ಬೇಕಾದದ್ದು ಒಬ್ಬ ಖಾಲಿ ಆಟಗಾರ. ಯಾರೂ ಕಾವಲಿಲ್ಲದವನು. ಅವನು ಚೆಂಡಿನ ಹತ್ತಿರವೇ ಇದ್ದರೆ ನೀವು ಎಷ್ಟು ಓಡಿದರೂ ಅಷ್ಟೇ. ಅವನು ಎಲ್ಲಿಂದ ಬಂದ? ನಿಮ್ಮ ತಂಡದ ಒಬ್ಬ ಯಾರನ್ನೂ ಹಿಡಿಯದೆ ಗೋಲಿನ ಮುಂದೆ ಕಾವಲು ನಿಂತಿರುತ್ತಾನೆ, ಅಲ್ವಾ? ಅವನ ಲೆಕ್ಕದವನೇ ಅಲ್ಲಿ ಖಾಲಿ ಇರುವುದು. ಜೊತೆಗೆ ಅವರ ಕೀಪರ್ ಮುಂದೆ ಬಂದರೆ ಅವನೂ ಸೇರುತ್ತಾನೆ. ಖಾಲಿ ಇರುವವನು ಇಲ್ಲದಂತೆ ಮಾಡುವುದು ಕಷ್ಟ. ಆದರೆ ಆ ಖಾಲಿ ಇರುವವನು ಯಾರು ಅನ್ನುವುದನ್ನು ನೀವು ನಿರ್ಧರಿಸಬಹುದು. ಅವನು ಚೆಂಡಿನಿಂದ ಅತಿ ದೂರದವನಾಗಿರಬೇಕು.

ಇದಕ್ಕೆ ಸೈಡ್‌ಲೈನ್ ಬೇಕು. ಮೈದಾನದ ಅಗಲ 80ರಿಂದ 90 ಮೀಟರ್. ನಡುವೆ ನಿಂತವನಿಗೆ ನಾಲ್ಕು ದಿಕ್ಕಿಗೂ ಪಾಸ್ ಇದೆ. ಗೆರೆಯ ಹತ್ತಿರ ಇರುವವನಿಗೆ ಅರ್ಧ ದಾರಿ ಹಾಗೇ ಮುಚ್ಚಿರುತ್ತದೆ. ನಾವು ಕಲಿಸುವುದು ಹೀಗೆ. ಮೊದಲನೆಯವನು ನೇರವಾಗಿ ಓಡಬಾರದು. ಒಳಗಿನಿಂದ ಬಳಸಿಕೊಂಡು ಬರಬೇಕು, ಚೆಂಡಿದ್ದವನಿಗೆ ಗೆರೆಯ ಕಡೆ ಮಾತ್ರ ದಾರಿ ಕಾಣಬೇಕು. ಎರಡನೆಯವನು ಚೆಂಡಿನ ಕಡೆ ನೋಡಲೂಬಾರದು, ಹಿಂದಕ್ಕೆ ಪಾಸ್ ತಗೊಳ್ಳಲು ನಿಂತಿರುವವನಿಗೆ ಅಂಟಿಕೊಳ್ಳಬೇಕು. ಆ ಕಡೆಯಲ್ಲಿರುವ ಉಳಿದವರು ತಮ್ಮ ತಮ್ಮವರನ್ನು ಕೈಗೆಟಕುವಷ್ಟು ಹತ್ತಿರ ಹಿಡಿಯಬೇಕು. ಆಚೆ ಸೈಡ್‌ಲೈನ್ ಹತ್ತಿರ ಒಬ್ಬ ಕೈ ಎತ್ತಿ ಕೂಗುತ್ತಿರುತ್ತಾನೆ. ಕೂಗಲಿ, ಬಿಡಿ. ಅವನಿಗೆ ಹ್ಯಾಂಡ್‌ಪಾಸ್ ಮುಟ್ಟುವುದಿಲ್ಲ. ಒದ್ದೇ ಕಳಿಸಬೇಕು. ಚೆಂಡು ಗಾಳಿಯಲ್ಲಿರುವಷ್ಟು ಹೊತ್ತಿನಲ್ಲಿ ನಿಮ್ಮ ಇಬ್ಬರು ಅಲ್ಲಿಗೆ ತಲುಪುತ್ತಾರೆ.

ಯಾವಾಗ ನುಗ್ಗಬೇಕು? ಎಲ್ಲರೂ ಒಟ್ಟಿಗೆ ನುಗ್ಗಲು ಒಂದು ಗುರುತು ಬೇಕು. ನಮ್ಮ ತಂಡದಲ್ಲಿ ಎರಡೇ ಗುರುತು: ಚೆಂಡು ಪಡೆಯುವವನ ಬೆನ್ನು ನಮ್ಮ ಗೋಲಿನ ಕಡೆ ಇದ್ದಾಗ, ಮತ್ತು ಪಾಸ್ ಎತ್ತರಕ್ಕೆ ತೇಲಿ ಬಂದಾಗ. ಮೊದಲು ಐದು ಗುರುತು ಹೇಳಿಕೊಟ್ಟಿದ್ದೆವು, ಯಾರಿಗೂ ನೆನಪಿರಲಿಲ್ಲ.

ಹತ್ತಿರ ಹೋದ ಮೇಲಿನದು ಇನ್ನೂ ಮುಖ್ಯ. ಬಹಳ ಜನ ಎಡವುವುದು ಇಲ್ಲೇ. ಈ ಆಟದಲ್ಲಿ ಟ್ಯಾಕಲ್ ಅಂದರೆ ಚೆಂಡಿಗೆ, ಆಳಿಗೆ ಅಲ್ಲ. ಬಿಚ್ಚಿದ ಅಂಗೈಯಿಂದ ಚೆಂಡನ್ನು ತಟ್ಟಬಹುದು. ಪಕ್ಕದಿಂದ ಭುಜಕ್ಕೆ ಭುಜ ಕೊಡಬಹುದು. ಜರ್ಸಿ ಎಳೆಯುವುದು, ತೋಳು ಸುತ್ತುವುದು, ಅವನ ಹಿಡಿತದಿಂದ ಕಿತ್ತುಕೊಳ್ಳುವುದು ಎಲ್ಲ ಫೌಲ್, ಅವರಿಗೆ ಫ್ರೀ ಕಿಕ್. ಕಾಲ ಕಳೆಯುವ ತಂಡ ಕಾಯುವುದೇ ಆ ಫ್ರೀಗೆ. ಉಸಿರು ಎಳೆದುಕೊಳ್ಳಲು ಸಮಯ ಸಿಗುತ್ತದೆ, ಚೆಂಡೂ ಅವರ ಹತ್ತಿರವೇ ಉಳಿಯುತ್ತದೆ. ಅದಕ್ಕೆ ನಾನು ಹುಡುಗರಿಗೆ ಹೇಳುವುದು: ಕೈ ಚಾಚಬೇಡಿ, ಕಾಲು ಓಡಿಸಿ. ಒಂದು ತೋಳಿನಷ್ಟು ದೂರದಲ್ಲಿ ಅವನಿಗೆ ಮುಖಾಮುಖಿಯಾಗಿ ಜೊತೆಗೇ ಸರಿಯುತ್ತಿರಿ. ಅವನ ಹೆಜ್ಜೆ ಎಣಿಸಿ. ಒಂದು ಸಲ ನೆಲಕ್ಕೆ ಬಡಿದಿದ್ದರೆ ಮುಂದಿನ ಸಲ ಬಡಿಯುವಂತಿಲ್ಲ, ಸೋಲೋ ಮಾಡಲೇಬೇಕು. ಸೋಲೋ ಮಾಡುವಾಗ ಚೆಂಡು ಕೈ ಬಿಟ್ಟು ಕಾಲ ಹತ್ತಿರ ಇಳಿಯುತ್ತದೆ, ಕ್ಷಣ ಹೊತ್ತು ಅದು ಯಾರದ್ದೂ ಅಲ್ಲ. ಒದ್ದೆ ಚೆಂಡಾದರೆ ಇನ್ನೂ ಸುಲಭ. ತಟ್ಟಬೇಕಾದ್ದು ಆಗ. ಇಬ್ಬರು ಸುತ್ತುವರಿದು ಪಾಸಿಗೆ ದಾರಿ ಬಿಡದಿದ್ದರೆ ಅವನೇ ಐದನೇ ಹೆಜ್ಜೆ ಹಾಕುತ್ತಾನೆ, ಇಲ್ಲವೇ ಗಡಿಬಿಡಿಯಲ್ಲಿ ಹೊಡೆಯದೆ ಎಸೆದುಬಿಡುತ್ತಾನೆ. ಎರಡಕ್ಕೂ ಫ್ರೀ ನಿಮಗೇ ಸಿಗುತ್ತದೆ. ಸಿಕ್ಕ ತಕ್ಷಣ ಅಲ್ಲೇ ಸೋಲೋ ಮಾಡಿ ಓಡಿ. ಹೊಸ ನಿಯಮ ಅದಕ್ಕೆ ಅವಕಾಶ ಕೊಟ್ಟಿದೆ, ಅಡ್ಡ ಬಂದರೆ ಅವರಿಗೇ 50 ಮೀಟರ್ ಪೆಟ್ಟು.

ಅವರ ಕೀಪರ್ ನಡುಗೆರೆ ದಾಟಿ ಬಂದರೆ ಹೆದರಬೇಡಿ. ಅವರ ಗೋಲು ಖಾಲಿ ಇದೆ ಅಂತ ಅರ್ಥ. ಚೆಂಡು ಸಿಕ್ಕ ಕೂಡಲೇ ಮುಂದಿರುವ ನಿಮ್ಮ ಮೂವರಿಗೆ ಉದ್ದ ಒದೆಯಿರಿ. ಅವನು ವಾಪಸ್ ಓಡಬೇಕಾಗುತ್ತದೆ. ಒಂದು ಸಲ ಹಾಗೆ ಓಡಿದವನು ಮತ್ತೆ ಬರಲು ಯೋಚಿಸುತ್ತಾನೆ.

ಇನ್ನೊಂದು ಮಾತು ಕೇಳಲು ವಿಚಿತ್ರ ಅನ್ನಿಸಬಹುದು. ಕೆಲವು ಸಲ ಅವರು ಶಾಟ್ ಹೊಡೆಯಲಿ ಅಂತ ದಾರಿ ಬಿಡಿ. ಗುರಿ ಕೆಟ್ಟವನಿಗೆ, ಮೂಲೆಯ ಕಡೆಯಿಂದ. ಹೊರಗೆ ಹೋದರೂ ಪಾಯಿಂಟ್ ಆದರೂ ಮುಂದಿನ ಕಿಕ್‌ಔಟ್ ನಿಮ್ಮದು. ನಾಲ್ಕು ನಿಮಿಷ ಚೆಂಡೇ ಸಿಗದೆ ಎರಡು ಪಾಯಿಂಟಿಗೆ ಸೋಲುವುದಕ್ಕಿಂತ, ಮೂರು ಪಾಯಿಂಟ್ ಹಿಂದಿದ್ದು ಚೆಂಡು ಕೈಯಲ್ಲಿರುವುದು ಎಷ್ಟೋ ಮೇಲು. ಆದರೆ ಆ ಕಿಕ್‌ಔಟ್ ಹೊತ್ತಿಗೆ ಎಚ್ಚರ. ಆಲ್ ಐರ್ಲೆಂಡ್ ಅಂದರೆ ಕೌಂಟಿ ತಂಡಗಳ ಅತಿ ದೊಡ್ಡ ಟೂರ್ನಿ. 2017ರ ಆಲ್ ಐರ್ಲೆಂಡ್ ಫೈನಲ್ ಕೊನೆಯಲ್ಲಿ ಮೇಯೊ ವಿರುದ್ಧ ಡಬ್ಲಿನ್ ಒಂದು ಪಾಯಿಂಟ್ ಮುಂದಿತ್ತು. ಮೇಯೊ ಕೀಪರ್ ಚೆಂಡು ಒದೆಯುವ ಮುಂಚೆ ಡಬ್ಲಿನ್‌ನವರು ಮೇಯೊ ಆಟಗಾರರನ್ನು ಹಿಡಿದು ನೆಲಕ್ಕೆ ಎಳೆದರು. ಕಿಕ್ ಸೈಡ್‌ಲೈನ್ ಆಚೆ ಹೋಯಿತು. ಮೇಯೊ ಜನ ಇವತ್ತಿಗೂ ಅದನ್ನು ಮರೆತಿಲ್ಲ. ಹಾಗಾಗಿ ನಿಮ್ಮವರು ಒಂದೇ ಕಡೆ ಗುಂಪು ನಿಲ್ಲದೆ ಓಡುತ್ತಲೇ ಇರಲಿ.

ದೊಡ್ಡ ತಂಡಗಳೂ ಚೆಂಡು ಇಟ್ಟುಕೊಂಡು ಆಡುತ್ತವೆ. 2025ರ ಫೈನಲ್‌ನಲ್ಲಿ ಡೊನೆಗಾಲ್ ವಿರುದ್ಧ ಕೆರಿ ತಂಡ ಮೊದಲರ್ಧದ ಕೊನೆಯ ನಿಮಿಷಗಳಲ್ಲಿ ಚೆಂಡನ್ನು ಬಿಡಲೇ ಇಲ್ಲ. ಅರ್ಧ ಮುಗಿಯುವ ಹೂಟರ್ ಹೊತ್ತಿಗೆ ಅವರ ಡೇವಿಡ್ ಕ್ಲಿಫರ್ಡ್ ಆರ್ಕ್ ಹೊರಗಿಂದ ಎರಡು ಪಾಯಿಂಟ್ ಹೊಡೆದರು. ವಿರಾಮಕ್ಕೆ 17-10. ಡೊನೆಗಾಲ್‌ನವರು ಚೆಂಡಿನ ಹತ್ತಿರ ಹೋಗುವುದಕ್ಕಿಂತ ಜಾಗ ಕಾಯುವುದರಲ್ಲೇ ಇದ್ದರು. ನಾನು ಅದನ್ನು ನಮ್ಮ ಹುಡುಗರಿಗೆ ಎರಡು ಸಲ ತೋರಿಸಿದ್ದೇನೆ, ಕ್ಲಿಫರ್ಡ್ ಒದೆತ ನೋಡಲು ಅಲ್ಲ, ಅದಕ್ಕೆ ಮುಂಚಿನ ಪಾಸುಗಳನ್ನು ನೋಡಲು. ಕೌಂಟಿ ಮ್ಯಾಚುಗಳಲ್ಲಿ ಎಲ್ಲರಿಗೂ ಕಾಣುವ ಗಡಿಯಾರ ಇರುತ್ತದೆ. ನಿಮ್ಮ ಮಟ್ಟದಲ್ಲಿ ರೆಫರಿ ಕೈಗಡಿಯಾರವೇ ಗತಿ. ನಿಮ್ಮ ಕ್ಯಾಪ್ಟನ್ ಒಂದು ಸಲ ಮರ್ಯಾದೆಯಿಂದ ಎಷ್ಟು ಉಳಿದಿದೆ ಅಂತ ಕೇಳಿಕೊಳ್ಳಲಿ.

ಯಾವಾಗ ಶುರು ಮಾಡಬೇಕು ಅನ್ನುವುದರಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ: ಆರು ನಿಮಿಷ ಇರುವಾಗಲೇ. ಗೋಲಿನ ಮುಂದಿನ ಕಾವಲಿನವನನ್ನು ಆಗಲೇ ಬಿಡಿಸಿ ಆಳಿಗೆ ಆಳು ಹಿಡಿಸಿ. ಗೋಲು ಬಿದ್ದೀತು ಅಂತ ಭಯ ಆಗುತ್ತದೆ. ಆದರೆ ಸುಮ್ನೆ ನಿಂತರೆ ಹೇಗೂ ಸೋಲುತ್ತೀರಿ, ಎರಡಕ್ಕಾದರೇನು, ಐದಕ್ಕಾದರೇನು? ಎರಡೇ ನಿಮಿಷ ಉಳಿದಾಗ ಶುರು ಮಾಡಿದರೆ ಒಂದು ಸಲ ಚೆಂಡು ಕಸಿಯಬಹುದು, ಅಷ್ಟೇ. ಆ ಒಂದು ಶಾಟ್ ತಪ್ಪಿದರೆ ಮುಗಿಯಿತು.

ಟ್ರೈನಿಂಗ್‌ನಲ್ಲಿ ಇದನ್ನು ಆಡಿಯೇ ಕಲಿಯಬೇಕು. ಅರ್ಧ ಮೈದಾನ, ಚೆಂಡಿರುವ ಕಡೆ ಒಂಬತ್ತು, ಕಸಿಯುವ ಕಡೆ ಎಂಟು, ನಾಲ್ಕು ನಿಮಿಷ. ಫೌಲ್ ಇಲ್ಲದೆ ಕಸಿದರೆ ಒಂದು ಅಂಕ, ಫೌಲ್ ಮಾಡಿದರೆ ಎರಡು ಅಂಕ ಕಡಿತ. ಮೊದಲ ಗುರುವಾರ ನಮ್ಮವರ ಲೆಕ್ಕ ಸೊನ್ನೆಗಿಂತ ಬಹಳ ಕೆಳಗಿತ್ತು. ತಿಂಗಳು ಹಿಡಿಯಿತು ಸರಿಹೋಗಲು.

ಅದೇ ತಂಡದ ಜೊತೆ ಮತ್ತೆ ಆಡಿದಾಗ ಈ ಸಲ ಒಂದು ಪಾಯಿಂಟ್ ಹಿಂದಿದ್ದೆವು. ಅದೇ 6ನೇ ನಂಬರಿನವನು. ಬ್ಲ್ಯಾಕ್ ಕಾರ್ಡ್ ತಗೊಂಡಿದ್ದ ನಮ್ಮ ಹುಡುಗ ಒಳಗಿನಿಂದ ಬಳಸಿಕೊಂಡು ಬಂದ, ಕೈ ಎದೆಯ ಹತ್ತಿರ ಮಡಚಿಕೊಂಡಿದ್ದ. 6ನೇ ನಂಬರಿನವನು ಗೆರೆಯ ಕಡೆ ತಿರುಗಿದ. ಹಿಂದೆ ಪಾಸ್ ಕೊಡಲು ನೋಡಿದ, ಅಲ್ಲಿ ನಮ್ಮ ಕಾರ್ನರ್ ಫಾರ್ವರ್ಡ್ ನಿಂತಿದ್ದ. ನೆಲಕ್ಕೆ ಬಡಿದ, ಮೂರು ಹೆಜ್ಜೆ, ಸೋಲೋಗೆ ಚೆಂಡು ಇಳಿಸಿದ. ಅಷ್ಟರಲ್ಲಿ ಟಪ್ ಅಂತ ಒಂದು ತಟ್ಟು. ಚೆಂಡು ನಮ್ಮದಾಯಿತು. ಮ್ಯಾಚ್ ಡ್ರಾ ಆಯಿತು. ಆ ಹುಡುಗ ವಾಪಸ್ ಬರುವಾಗ ಕಾರಿನಲ್ಲಿ ಊರು ಬರುವವರೆಗೂ ಅದನ್ನೇ ಹೇಳುತ್ತಿದ್ದ.

ನಿಮ್ಮ ಮುಂದಿನ ಮ್ಯಾಚಿನಲ್ಲಿ ಸಬ್ ಬೆಂಚಿನಲ್ಲಿರುವ ಯಾರಿಗಾದರೂ ಒಂದೇ ಕೆಲಸ ಕೊಡಿ: ಎದುರಾಳಿಗಳು ಚೆಂಡು ಇಟ್ಟುಕೊಂಡಾಗಲೆಲ್ಲ ಖಾಲಿ ಉಳಿದವನ ನಂಬರ್ ಬರೆದುಕೊಳ್ಳಲಿ. ಆ ಪಟ್ಟಿ ಇಲ್ಲಿ ಹಾಕಿ. ಯಾರನ್ನು ಯಾರು ಹಿಡಿಯಬೇಕು ಅನ್ನುವುದನ್ನು ಕೂತು ನೋಡೋಣ.