ಒಂದೇ ಮನೆ, ಒಂದೇ ಫ್ಲೂ, ಅಪ್ಪನಿಗೇ ಯಾಕೆ ಜಾಸ್ತಿ ಆಯ್ತು?

ಪ್ರಶ್ನೆ: ಮೇಡಂ, ಆಗಸ್ಟ್‌ನಲ್ಲಿ ನಮ್ಮ ಮನೆಯಲ್ಲಿ ಎಲ್ಲರಿಗೂ ಫ್ಲೂ ಬಂತು. ನನಗೂ ಮಕ್ಕಳಿಗೂ ನಾಲ್ಕೈದು ದಿನದಲ್ಲಿ ಬಿಟ್ಟಿತು. ಅಪ್ಪನಿಗೆ 71 ವರ್ಷ. ಅವರಿಗೆ ನ್ಯುಮೋನಿಯಾ ಆಗಿ ಎಂಟು ದಿನ ಆಸ್ಪತ್ರೆಯಲ್ಲಿದ್ದರು. ಅಮ್ಮ ಹೋದ ಮೇಲೆ ಅವರ ಊಟ ಅಷ್ಟಕ್ಕಷ್ಟೇ. ಅಣ್ಣನಿಗೂ ಆಕ್ಸಿಜನ್ ಕೊಡಬೇಕಾಯಿತು. ಅವನಿಗೆ 44, ತೂಕ 104 ಕೆ.ಜಿ., ಊಟಕ್ಕೇನೂ ಕಮ್ಮಿಯಿಲ್ಲ. ತಿನ್ನೋದಕ್ಕೂ ಕಾಯಿಲೆ ಜೋರಾಗೋದಕ್ಕೂ ಸಂಬಂಧ ಇದೆ ಅಂತಾರೆ. ಹಾಗಾದರೆ ಇಬ್ಬರಿಗೂ ಯಾಕೆ ಹೀಗಾಯ್ತು? ಪಕ್ಕದ ಮನೆಯವರು ಜಿಂಕ್, ವಿಟಮಿನ್ ಸಿ ಮಾತ್ರೆ ವರ್ಷಪೂರ್ತಿ ಕೊಡಿ ಅಂತಾರೆ. ಕೊಡಲಾ?
– ಓದುಗರು, ವಿಜಯನಗರ

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ಒಂದೇ ಸಾಲಿನ ಮೇಲೆ. ‘ಅಮ್ಮ ಹೋದ ಮೇಲೆ ಅವರ ಊಟ ಅಷ್ಟಕ್ಕಷ್ಟೇ.’

ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ 22 ವರ್ಷದಿಂದ ಡಯಟೀಷಿಯನ್ ಆಗಿದ್ದೇನೆ. ಮಳೆಗಾಲದ ಕೊನೆಗೆ ಒಮ್ಮೆ, ಜನವರಿಯಿಂದ ಮಾರ್ಚ್‌ವರೆಗೆ ಇನ್ನೊಮ್ಮೆ ಫ್ಲೂ ರೋಗಿಗಳಿಂದ ವಾರ್ಡ್ ತುಂಬುತ್ತದೆ. ಹಿರಿಯರನ್ನು ಕರೆತಂದ ಮಕ್ಕಳನ್ನು ‘ಊಟ ಹೇಗೆ’ ಅಂತ ಕೇಳಿದರೆ ‘ಎಲ್ಲಾ ತಿಂತಾರೆ ಮೇಡಂ’ ಅನ್ನುತ್ತಾರೆ. ಹೊತ್ತು ಹೊತ್ತಿನ ಲೆಕ್ಕ ಕೇಳಿದಾಗ ನಿಜ ಹೊರಬೀಳುತ್ತದೆ. ಬೆಳಿಗ್ಗೆ ಕಾಫಿ, ಎರಡು ರಸ್ಕ್. ಮಧ್ಯಾಹ್ನ ಅನ್ನ, ತಿಳಿಸಾರು. ಸಂಜೆ ಮತ್ತೆ ಕಾಫಿ. ರಾತ್ರಿ ಮಜ್ಜಿಗೆ ಅನ್ನ. ಹೊಟ್ಟೆಯೇನೋ ತುಂಬಿರುತ್ತದೆ, ಆದರೆ ಪ್ರೋಟೀನ್ 25 ಗ್ರಾಂ ಮುಟ್ಟಿದರೆ ಹೆಚ್ಚು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ ಲೆಕ್ಕದಲ್ಲಿ ವಯಸ್ಕರಿಗೆ ದಿನಕ್ಕೆ ಕೆ.ಜಿ. ತೂಕಕ್ಕೆ 0.83 ಗ್ರಾಂ ಬೇಕು. 60 ಕೆ.ಜಿ. ಇರುವವರಿಗೆ 50 ಗ್ರಾಂ ಆಯಿತು. ಕಾಯಿಲೆ ಬಿದ್ದ ಹಿರಿಯರಿಗೆ ಕೆ.ಜಿ.ಗೆ 1.2ರಿಂದ 1.5 ಗ್ರಾಂ ಕೊಡಲು ನೋಡುತ್ತೇವೆ.

ವಯಸ್ಸೂ ಒಂದು ಕಾರಣ, ಅದನ್ನು ಮುಚ್ಚಿಡುವುದಿಲ್ಲ. 71ರ ದೇಹ ವೈರಸ್ ವಿರುದ್ಧ ಏಳುವುದು ನಿಧಾನ. ಅದರ ಮೇಲೆ ಈ ಊಟ. ವೈರಸ್ಸನ್ನು ಹಿಡಿಯುವ ಆಂಟಿಬಾಡಿಗಳು ಪ್ರೋಟೀನ್‌ನಿಂದಲೇ ಆಗಬೇಕು. ಜ್ವರ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ದೇಹದ ಖರ್ಚು ಸುಮಾರು 10 ಪರ್ಸೆಂಟ್ ಏರುತ್ತದೆ. ಬಾಯಿಗೆ ಏನೂ ಸೇರದಾಗ ದೇಹ ತನ್ನ ಸ್ನಾಯುವನ್ನೇ ಕರಗಿಸಿಕೊಳ್ಳುತ್ತದೆ. ಉಸಿರೆಳೆಯುವುದೂ ಸ್ನಾಯುವೇ, ಕೆಮ್ಮುವುದೂ ಸ್ನಾಯುವೇ. ಕೆಮ್ಮಲು ಶಕ್ತಿ ಇಲ್ಲದಿದ್ದರೆ ಕಫ ಎದೆಯಲ್ಲೇ ಉಳಿಯುತ್ತದೆ, ಅಲ್ಲಿ ಬ್ಯಾಕ್ಟೀರಿಯಾ ಸೇರಿಕೊಳ್ಳುತ್ತದೆ. ಫ್ಲೂ ನ್ಯುಮೋನಿಯಾಕ್ಕೆ ತಿರುಗುವ ದಾರಿಗಳಲ್ಲಿ ಇದೂ ಒಂದು.

ನಮ್ಮ ಮನೆಯಲ್ಲೇ ನಡೆದದ್ದು ಹೇಳುತ್ತೇನೆ. ಅತ್ತೆಯವರನ್ನು ಜ್ವರ, ಉಬ್ಬಸ ಅಂತ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ವೀಲ್‌ಚೇರ್‌ನಲ್ಲಿ ಕೂರಿಸುವಾಗ ಅವರ ಕೈ ಹಿಡಿದರೆ, ಉಂಗುರದ ಒಳಬದಿಗೆ ಬಿಳಿ ದಾರ ಒತ್ತೊತ್ತಾಗಿ ಸುತ್ತಿತ್ತು. ಕೊಳೆ ಹಿಡಿದು ಬೂದಿ ಬಣ್ಣಕ್ಕೆ ತಿರುಗಿತ್ತು. ‘ಯುಗಾದಿಯಿಂದ ಜಾರ್ತಿತ್ತು ಕಣಮ್ಮ, ಕಳೆದು ಹೋದೀತು ಅಂತ ಸುತ್ತಿಕೊಂಡೆ’ ಅಂದರು. ಆಗ ದಸರಾ ಮುಗಿದಿತ್ತು. ಆರು ತಿಂಗಳಿಂದ ಅವರು ಸೊರಗುತ್ತಾ ಬಂದಿದ್ದರು. ದಿನಾ ಬೇರೆಯವರ ತಟ್ಟೆ ನೋಡುವ ನಾನು, ನಮ್ಮನೆ ತಟ್ಟೆ ನೋಡಿರಲಿಲ್ಲ. ಅವರು ಹುಷಾರಾದರು. ಆದರೆ ಆ ದಾರ ನೆನಪಾದಾಗ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಅದಕ್ಕೇ ಹೇಳುತ್ತೇನೆ, ಇವತ್ತೇ ಅಪ್ಪನ ಬೆಲ್ಟ್ ನೋಡಿ. ಹೊಸ ತೂತು ಹಾಕಿಸಿದ್ದಾರಾ? ಹಲ್ಲಿನ ಸೆಟ್ ಸಡಿಲ ಆಗಿದೆಯಾ? ಕುರ್ಚಿಯಲ್ಲಿ ಕೂರಿಸಿ, ಅವರದೇ ಎರಡು ಕೈಯ ಹೆಬ್ಬೆರಳು, ತೋರುಬೆರಳು ಸೇರಿಸಿ ಮೀನಖಂಡದ ದಪ್ಪ ಜಾಗಕ್ಕೆ ಉಂಗುರದ ಹಾಗೆ ಹಾಕಿಸಿ. ಬೆರಳು ಸೇರಿಯೂ ಒಳಗೆ ಸಂದು ಉಳಿದರೆ ಸ್ನಾಯು ಕರಗಿರಬಹುದು. ಟೇಪ್ ಇದ್ದರೆ ಅಳೆಯಿರಿ. ನಮ್ಮ ಏಷ್ಯಾದವರಿಗೆ ಗಂಡಸರಲ್ಲಿ 34 ಸೆಂ.ಮೀ., ಹೆಂಗಸರಲ್ಲಿ 33 ಸೆಂ.ಮೀ.ಗಿಂತ ಕಮ್ಮಿ ಇದ್ದರೆ ಡಾಕ್ಟರಿಗೆ ತೋರಿಸಬೇಕು.

ಇನ್ನು ನಿಮ್ಮ ಅಣ್ಣ. ಹೊಟ್ಟೆ ತುಂಬಿದ ಮಾತ್ರಕ್ಕೆ ಪೋಷಣೆ ಸರಿಯಿದೆ ಅಂತ ಅಲ್ಲ. 2009ರ ಎಚ್1ಎನ್1 ಸಮಯದಲ್ಲಿ, ತೀರಾ ದಪ್ಪ ಇರುವವರು ಐಸಿಯು ಸೇರುವುದು ಜಾಸ್ತಿ ಅನ್ನುವುದು ಎದ್ದು ಕಂಡಿತು. ಕೋವಿಡ್‌ನಲ್ಲೂ ಅದೇ ಆಯಿತು. ಮಲಗಿದಾಗ ಹೊಟ್ಟೆಯ ಭಾರ ಮೇಲಕ್ಕೆ ಒತ್ತುತ್ತದೆ, ಶ್ವಾಸಕೋಶದ ಕೆಳಭಾಗ ಸರಿಯಾಗಿ ಅರಳುವುದಿಲ್ಲ. ಕೊಬ್ಬು ಸುಮ್ನೆ ಕೂತಿರುವ ಮೂಟೆಯೂ ಅಲ್ಲ, ಒಳಗೊಳಗೇ ಸದಾ ಸಣ್ಣ ಉರಿಯೂತ ಎಬ್ಬಿಸುತ್ತಿರುತ್ತದೆ. ಸಕ್ಕರೆ ಕಾಯಿಲೆಯೂ ಇದ್ದರೆ ಇನ್ನೂ ಕಷ್ಟ. ಅವರಿಗೆ ಮೂರು ತಿಂಗಳ ಸರಾಸರಿ ಸಕ್ಕರೆ ಪರೀಕ್ಷೆ ಮಾಡಿಸಿ. ತೂಕ ಇಳಿಸುವ ಕೆಲಸ ಈಗಲ್ಲ, ಪೂರ್ತಿ ಸುಧಾರಿಸಿಕೊಂಡ ಮೇಲೆ ನಿಧಾನಕ್ಕೆ ಶುರು ಮಾಡಲಿ.

ಮಾತ್ರೆ ವಿಷಯ. ವಿಟಮಿನ್ ಸಿ ದಿನಾ ತಗೊಂಡವರಿಗೂ ನೆಗಡಿ ಬರುವುದು ಬಂದೇ ಬರುತ್ತದೆ. ದೊಡ್ಡವರಲ್ಲಿ ಅದು ಸುಮಾರು 8 ಪರ್ಸೆಂಟ್ ಬೇಗ ಬಿಡುತ್ತದೆ. ಅಂದರೆ ಏಳು ದಿನದ ನೆಗಡಿ ಆರೂವರೆ ದಿನಕ್ಕೆ ಮುಗಿಯಿತು, ಅಷ್ಟೇ. ಜಿಂಕ್ ಜಾಸ್ತಿ ಡೋಸ್‌ನಲ್ಲಿ ತಿಂಗಳುಗಟ್ಟಲೆ ನುಂಗಿದರೆ ದೇಹದಲ್ಲಿ ತಾಮ್ರ ಕಮ್ಮಿಯಾಗಿ ರಕ್ತಹೀನತೆ ಬರಬಹುದು. ಹಾಗಾಗಿ ವರ್ಷಪೂರ್ತಿ ಬೇಡ. ವಿಟಮಿನ್ ಡಿ ಮತ್ತು ಬಿ12 ಪರೀಕ್ಷೆ ಮಾಡಿಸಿ, ಕೊರತೆ ಇದ್ದರೆ ಡಾಕ್ಟರ್ ಹೇಳಿದಷ್ಟು ಕೊಡಿ. ಆ ಮಾತ್ರೆಯ ದುಡ್ಡಿಗೆ ಮೊಟ್ಟೆ, ಹಾಲು, ಹುರಿಗಡಲೆ ತನ್ನಿ.

‘ಜ್ವರಕ್ಕೆ ಲಂಘನವೇ ಮದ್ದು’ ಅನ್ನುವ ಮಾತು ನಮ್ಮಲ್ಲಿ ಇದೆ. ಗಟ್ಟಿಮುಟ್ಟಾದವರು ಒಂದು ದಿನ ಉಣ್ಣದಿದ್ದರೆ ಏನೂ ಆಗುವುದಿಲ್ಲ. ಸೊರಗಿದ ಹಿರಿಯರಿಗೆ ಇದು ಸಲ್ಲದು. ಮೊದಲ ದಿನ ಗಂಜಿ ಅಂತ ಶುರುವಾಗುತ್ತದೆ, ಹದಿನೈದು ದಿನವಾದರೂ ಗಂಜಿಯೇ ಮುಂದುವರಿಯುತ್ತದೆ. ಅಮೆರಿಕದಲ್ಲಿ ಕಾಯಿಲೆಯೇ ಇಲ್ಲದ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲಿ ಮಲಗಿಸಿ ನೋಡಿದರು. ಕಾಲಿನ ಸ್ನಾಯುವೇ ಸುಮಾರು ಒಂದು ಕೆ.ಜಿ. ಕರಗಿತ್ತು! ನಿಮ್ಮಪ್ಪ ಎಂಟು ದಿನ ಮಲಗಿದ್ದು ಜ್ವರದ ಜೊತೆಗೆ. ಅದನ್ನು ತುಂಬಲು ಎರಡು ಮೂರು ತಿಂಗಳಾದರೂ ಬೇಕು.

ಒಂದೇ ಸಲಕ್ಕೆ ತಟ್ಟೆ ತುಂಬಾ ಬಡಿಸಬೇಡಿ. ಎರಡು ಮೂರು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಕೊಡಿ. ರಾಗಿ ಗಂಜಿಗೆ ನೀರಿನ ಬದಲು ಹಾಲು ಹಾಕಿ, ಎರಡು ಚಮಚ ಹುರಿಗಡಲೆ ಪುಡಿ ಕಲಸಿ. ತಿಳಿಸಾರಿನ ತಳದಲ್ಲಿರುವ ಬೇಳೆಯನ್ನು ಸೌಟಿನಿಂದ ಎತ್ತಿ ಅವರಿಗೇ ಬಡಿಸಿ. ಮೊಟ್ಟೆ ತಿನ್ನುವವರಾದರೆ ದಿನಕ್ಕೊಂದು, ಅದರಲ್ಲೇ ಆರು ಗ್ರಾಂ ಪ್ರೋಟೀನ್ ಸಿಗುತ್ತದೆ. ಅವರೆಕಾಯಿ ಕಾಲ ಬಂದಾಗ ಹಿತಕಿದ ಬೇಳೆ ಸಾರು ಮಾಡಿ. ಸಿಪ್ಪೆ ಹೋದ ಕಾಳು, ಹಲ್ಲಿಲ್ಲದ ಬಾಯಿಗೂ ಮೆತ್ತಗಿರುತ್ತದೆ. ಕಾಳು ಹಿತಕಲು ಅಪ್ಪನನ್ನೇ ಕೂರಿಸಿಕೊಳ್ಳಿ, ನೀವೂ ಪಕ್ಕದಲ್ಲಿ ಕೂತು ಮಾತಾಡಿ. ಒಬ್ಬರೇ ಕೂತು ಉಣ್ಣುವವರಿಗೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ರಾತ್ರಿ ಊಟವಾದರೂ ಜೊತೆಗೆ ಮಾಡಿ. ಕಿಡ್ನಿ ತೊಂದರೆ ಇದ್ದರೆ ಮಾತ್ರ ಪ್ರೋಟೀನ್ ಹೆಚ್ಚಿಸುವ ಮೊದಲು ಡಾಕ್ಟರನ್ನು ಕೇಳಿ.

ಊಟ ಸರಿ ಮಾಡಿದೆವು ಅಂತ ಲಸಿಕೆ ಬಿಡಬೇಡಿ. ಅಪ್ಪ, ಅಣ್ಣ ಇಬ್ಬರಿಗೂ ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಹಾಕಿಸಿ. ಅಪ್ಪನಿಗೆ ನ್ಯುಮೋನಿಯಾ ಲಸಿಕೆ ಯಾವಾಗ ಅಂತ ಕೇಳಿ. ಮತ್ತೆ ಜ್ವರ ಬಂದರೆ ಎರಡು ದಿನದ ಒಳಗೇ ಡಾಕ್ಟರ ಹತ್ತಿರ ಹೋಗಿ, ಫ್ಲೂ ಔಷಧ ಚೆನ್ನಾಗಿ ಕೆಲಸ ಮಾಡುವುದು ಆಗಲೇ.

ಪ್ರಶ್ನೆ: ಮಗನಿಗೆ ಎರಡು ವರ್ಷ. ಅಂಗನವಾಡಿಯಲ್ಲಿ ವಿಟಮಿನ್ ಎ ಸಿರಪ್ ಹಾಕಿಸಿ ಅಂತ ಆಶಾ ಕಾರ್ಯಕರ್ತೆ ಹೇಳಿದರು. ಅದು ಕಣ್ಣಿಗೆ ಅಲ್ವಾ? ಅವನ ಕಣ್ಣು ಚೆನ್ನಾಗಿದೆ.
– ಓದುಗರು, ಯಲಹಂಕ

ಉತ್ತರ: ಕಣ್ಣಿಗಷ್ಟೇ ಅಲ್ಲಮ್ಮ. ಮೂಗು, ಗಂಟಲು, ಶ್ವಾಸನಾಳದ ಒಳಪದರ ಗಟ್ಟಿಯಾಗಿರಲೂ ವಿಟಮಿನ್ ಎ ಬೇಕು. ಆಲ್ಫ್ರೆಡ್ ಸಾಮರ್ ಅನ್ನುವ ಕಣ್ಣಿನ ಡಾಕ್ಟರ್ ಇಂಡೊನೇಷ್ಯಾದಲ್ಲಿ ಇರುಳುಗಣ್ಣಿನ ಮಕ್ಕಳನ್ನು ಗಮನಿಸುತ್ತಿದ್ದರು. ಕೊರತೆ ಸ್ವಲ್ಪವೇ ಇದ್ದ ಮಕ್ಕಳಿಗೂ ಉಸಿರಾಟದ ಕಾಯಿಲೆ, ಭೇದಿ ಹೆಚ್ಚು ಬರುತ್ತಿತ್ತು, ಸಾಯುವುದೂ ಹೆಚ್ಚು ಅಂತ 1980ರ ದಶಕದಲ್ಲಿ ತೋರಿಸಿದರು. ದಡಾರ ಬಂದ ಮಗುವಿಗೆ ಎರಡು ದಿನ ಬೆನ್ನುಬೆನ್ನಿಗೆ ವಿಟಮಿನ್ ಎ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದಕ್ಕೇ.

ನಮ್ಮ ದೇಶದಲ್ಲಿ ಒಂಬತ್ತು ತಿಂಗಳಿಂದ ಐದು ವರ್ಷದವರೆಗೆ ಒಟ್ಟು 9 ಡೋಸ್ ಇವೆ. ಧೈರ್ಯವಾಗಿ ಹಾಕಿಸಿ. ಆದರೆ ಇದು ಜಾಸ್ತಿಯಾದರೆ ವಿಷ. ಅಂಗನವಾಡಿಯಲ್ಲೂ ಹಾಕಿಸಿ, ಹೊರಗೂ ತಂದು ಕುಡಿಸಬೇಡಿ. ಹಾಕಿಸಿದ ತಾರೀಖನ್ನು ತಾಯಿ ಕಾರ್ಡ್‌ನಲ್ಲಿ ಬರೆಸಿಕೊಳ್ಳಿ, ಮುಂದಿನದು ಆರು ತಿಂಗಳ ಮೇಲೆ.