ಸ್ಟೂಡೆಂಟ್ ಫಿಲ್ಮ್‌ನ ಟ್ರೈಲರ್, ಪೋಸ್ಟರ್ ಕೆಲಸ ಎಡಿಟಿಂಗ್ ಮುಗಿದ ಮೇಲೆ ಶುರು ಮಾಡಿದರೆ ಸಾಕಾ?

ಸಾಕಾಗಲ್ಲ. ಪೋಸ್ಟರ್‌ಗೆ ಬೇಕಾದ ಸ್ಟಿಲ್‌ಗಳನ್ನು ಸೆಟ್‌ನಲ್ಲೇ ತೆಗೆದಿಟ್ಟುಕೊಳ್ಳಿ. ವಿಡಿಯೋದಿಂದ ಕಿತ್ತ ಫ್ರೇಮ್ ಫೋನಿನಲ್ಲಿ ಚೆನ್ನಾಗಿಯೇ ಕಾಣುತ್ತದೆ, ಆದರೆ 27×40 ಇಂಚಿಗೆ ಪ್ರಿಂಟ್ ಹಾಕಿಸಿದರೆ ಒಡೆದುಹೋಗುತ್ತದೆ, ಯಾಕೆಂದರೆ ಫುಲ್ ಎಚ್‌ಡಿ ಫ್ರೇಮ್ ಅಂದರೆ ಸುಮಾರು 20 ಲಕ್ಷ ಪಿಕ್ಸೆಲ್ ಅಷ್ಟೇ.

ಟ್ರೈಲರ್ ವಿಷಯಕ್ಕೆ ಬಂದರೆ, ಹತ್ತು ನಿಮಿಷದ ಕಿರುಚಿತ್ರಕ್ಕೆ ಎರಡೂವರೆ ನಿಮಿಷದ ಟ್ರೈಲರ್ ಯಾಕೆ ಹೇಳಿ? 30ರಿಂದ 45 ಸೆಕೆಂಡ್ ಧಾರಾಳ. ಕತೆ ಪೂರ್ತಿ ಹೇಳಬೇಡಿ, ಒಂದು ಪ್ರಶ್ನೆ ಬಿಟ್ಟುಬಿಡಿ. ಹುಡುಗಿ ಬೀಗ ತೆಗೆಯುತ್ತಾಳೆ, ಬಾಗಿಲು ಕಿರ್ ಅನ್ನುತ್ತದೆ, ಒಳಗೆ ನೋಡಿದವಳ ಮುಖ ಮಾತ್ರ ನಮಗೆ ಕಾಣುತ್ತದೆ, ಕಟ್. ಒಳಗೇನಿತ್ತು ಅಂತ ನೋಡೋಕೇ ಜನ ಬರೋದು ಅಲ್ವಾ? ನನ್ನ ಮೊದಲ ಟ್ರೈಲರ್‌ನಲ್ಲಿ ಕ್ಲೈಮ್ಯಾಕ್ಸನ್ನೇ ಹಾಕಿಬಿಟ್ಟಿದ್ದೆ, ಅದೇ ಚೆನ್ನಾಗಿ ಬಂದಿದೆ ಅನ್ನೋ ಖುಷಿಗೆ!

ಸೌಂಡ್ ಆಫ್ ಮಾಡಿಕೊಂಡು ನೋಡುವವರೂ ಬೇಕಾದಷ್ಟು ಜನ ಇದ್ದಾರೆ, ಹಾಗಾಗಿ ಸಬ್‌ಟೈಟಲ್ ಹಾಕಿ. ಸಿನಿಮಾ ಹಾಡು ಸುಮ್ನೆ ಎತ್ತಿ ಹಾಕಬೇಡಿ, ಕಾಪಿರೈಟ್ ಕ್ಲೇಮ್ ಬಂದರೆ ವಿಡಿಯೋ ಮ್ಯೂಟ್ ಆಗಬಹುದು, ಬ್ಲಾಕೂ ಆಗಬಹುದು. ಕಾಲೇಜಿನಲ್ಲಿ ಮ್ಯೂಸಿಕ್ ಮಾಡುವ ಗೆಳೆಯರನ್ನು ಕೇಳಿ, ಒಪ್ಪಿಗೆಯನ್ನು ಬರಹದಲ್ಲಿ ತಗೊಳ್ಳಿ. ರೀಲ್ಸ್, ಶಾರ್ಟ್ಸ್‌ಗೆ 9:16 ಅಳತೆಯ, ಅಂದರೆ ಫೋನ್ ನೆಟ್ಟಗೆ ಹಿಡಿದು ನೋಡುವ ಕಾಪಿ ಬೇರೆಯೇ ಎಡಿಟ್ ಮಾಡಿ, ಅಡ್ಡ ವಿಡಿಯೋವನ್ನು ಸುಮ್ನೆ ಕ್ರಾಪ್ ಮಾಡಿದರೆ ಅರ್ಧ ಮುಖ ಹೋಗಿರುತ್ತದೆ.

ಪೋಸ್ಟರ್ ಮೊದಲು, ವಾರ ಬಿಟ್ಟು ಟ್ರೈಲರ್, ಆಮೇಲೆ ಶೋ. ಪೂರ್ತಿ ಸಿನಿಮಾ ಮಾತ್ರ ಅವಸರಪಟ್ಟು ಆನ್‌ಲೈನ್‌ಗೆ ಹಾಕಬೇಡಿ, ಮೊದಲೇ ಆನ್‌ಲೈನ್‌ನಲ್ಲಿ ಬಂದದ್ದನ್ನು ಕೆಲವು ಫಿಲ್ಮ್ ಫೆಸ್ಟಿವಲ್‌ಗಳು ತಗೊಳ್ಳಲ್ಲ.