ಜುವಾರಿ ಸೇತುವೆ ದಾಟುವಾಗ ಕಣ್ಣು ಮುಚ್ಚಿಕೊಂಡಿರುತ್ತಿದ್ದೆ

ತಮ್ಮಾ, ನೀನು ಕೇಳಿದ್ದು ಇಷ್ಟು: ಅವ್ವ ತೀರಿಕೊಂಡು ಎಂಟು ತಿಂಗಳಾಯಿತು, ಗದಗದ ಮನೆಯಲ್ಲಿ ಇರಲಾಗದೆ ಗೋವಾಕ್ಕೆ ಬಂದು ವೆರ್ಣಾದ ಕಂಪನಿ ಸೇರಿದೆ, ಊರು ಬಿಟ್ಟರೆ ಹಗುರಾದೀತು ಅಂದುಕೊಂಡರೆ ಇಲ್ಲಿ ಇನ್ನೂ ಹೆಚ್ಚಾಗಿದೆ, ಹತ್ತೊಂಬತ್ತು ವರ್ಷದಿಂದ ವಾಸ್ಕೋದಲ್ಲಿರುವ ನೀವು ಹ್ಯಾಂಗ ಗಟ್ಟಿಯಾದಿರಿ, ವರ್ಷದ ಕಾರ್ಯಕ್ಕೆ ಊರಿಗೆ ಹೋಗಲೋ ಬೇಡವೋ.

ಗಟ್ಟಿಯಾದೆ ಅಂತ ಯಾರು ಹೇಳಿದರೋ ಗೊತ್ತಿಲ್ಲ. ಇಲ್ಲಿ ಬಂದಮೇಲೆ ಹೆಚ್ಚಾಗುವುದು ಸಹಜ. ಊರಲ್ಲಿ ಓಣಿಯ ನಾಲ್ಕು ಹೆಂಗಸರು ಬಂದು ಕೂತು ಅವ್ವನ ಮಾತು ತೆಗೆಯುತ್ತಿದ್ದರು, ನಿನಗೆ ಸಿಟ್ಟೇ ಬರುತ್ತಿದ್ದಿರಬಹುದು, ಆದರೂ ಅವಳ ಹೆಸರು ದಿನಕ್ಕೊಮ್ಮೆ ಕಿವಿಗೆ ಬೀಳುತ್ತಿತ್ತು. ಇಲ್ಲಿ ನಿನ್ನ ರೂಮಿನಲ್ಲಿ ಒಬ್ಬ ಒಡಿಶಾದವನು, ಒಬ್ಬ ಬಿಹಾರದವನು. ಹಿಂದಿಯಲ್ಲಿ ‘ಸಬ್ ಠೀಕ್’ ಅಂದು ಮಗ್ಗಲು ಬದಲಿಸುತ್ತೀಯಾ. ಮೀನು ಕೊಳ್ಳಲು ನಾನು ಕೊಂಕಣಿ ಕಲಿತೆ, ಲೆಕ್ಕ ಬರೆಯಲು ಇಂಗ್ಲಿಷು, ಬಾಡಿಗೆ ಮನೆಯ ಜಗಳಕ್ಕೆ ಹಿಂದಿ. ಅಳುವುದಕ್ಕೆ ಮಾತ್ರ ಈ ಮೂರೂ ಬರಲಿಲ್ಲ.

ನನ್ನದನ್ನೂ ಹೇಳುತ್ತೇನೆ. 2011ರ ಜುಲೈ, ಮಳೆ. ನನ್ನ ಯಜಮಾನರು ಪಣಜಿಯಿಂದ ಬೈಕಿನಲ್ಲಿ ಬರುತ್ತಿದ್ದಾಗ ಕುಠ್ಠಾಳಿಯ ತಿರುವಿನಲ್ಲಿ ಲಾರಿ. ಹನ್ನೊಂದು ದಿನ ಮುಗಿಸಿ ಕೆಲಸಕ್ಕೆ ಹೋದೆ. ಆಗಿನ ಸಾಹೇಬರು, ‘ಕೆಲಸದಲ್ಲಿ ಮನಸ್ಸಿಡು, ಎಲ್ಲ ಸರಿಹೋಗುತ್ತೆ’ ಅಂದು ಎರಡು ಫೈಲು ಜಾಸ್ತಿ ಕೊಟ್ಟರು. ಸರಿಹೋಗಲಿಲ್ಲ. ಬ್ರೇಕ್ ಕಿರುಗುಟ್ಟಿದರೆ ಎದೆ ಝಲ್ಲೆನ್ನುವುದು, ಬೆವರು, ಕೈ ತಣ್ಣಗೆ. ರಾತ್ರಿ ಮೂರಕ್ಕೆ ಎಚ್ಚರ. ಒಂದು ವರ್ಷವಾದರೂ ಆ ತಿರುವಿನ ಕಡೆ ತಲೆಹಾಕಲಿಲ್ಲ. ಪಣಜಿ ಅಂದರೆ ಯಾವುದೋ ಬೇರೆ ದೇಶ ಅನ್ನುವ ಹಾಗಾಗಿತ್ತು.

ಕೊನೆಗೆ ನೆರೆಮನೆಯ ಅಜ್ಜಿ ಬೈದಳು. ವಾಸ್ಕೋದ ಬೈನಾದಲ್ಲಿ ಕಡಲಂಚಿನ ಮನೆಗಳನ್ನು 2004ರಲ್ಲಿ ಕೆಡವಿದಾಗ ಅವಳ ಗುಡಿಸಲೂ ಹೋಗಿತ್ತು. ‘ಕಾಲು ಮುರದ್ರ ದವಾಖಾನಿಗೆ ಹೋಗ್ತೀ, ಇದಕ್ಯಾಕ ಹೋಗೂದಿಲ್ಲ?’ ಬಾಂಬೋಳಿಯಲ್ಲಿ ಮೆಡಿಕಲ್ ಕಾಲೇಜಿನ ಹತ್ತಿರ ಸರ್ಕಾರದ ಮನೋರೋಗ ಸಂಸ್ಥೆ ಇದೆ, ಎಲ್ಲರೂ ಐ.ಪಿ.ಎಚ್.ಬಿ. ಅನ್ನುತ್ತಾರೆ. ಆದರೆ ವಾಸ್ಕೋದಿಂದ ಬಾಂಬೋಳಿಗೆ ಬಸ್ಸು ಹೋಗುವುದು ಕುಠ್ಠಾಳಿ ದಾಟಿ, ಜುವಾರಿ ಸೇತುವೆ ಮೇಲೆ. ಔಷಧಿ ಬೇಕಾದರೆ ಗಾಯವಾದ ಜಾಗ ದಾಟಿಯೇ ಹೋಗಬೇಕು. ಕದಂಬ ಬಸ್ಸಿನಲ್ಲಿ ಕಣ್ಣು ಮುಚ್ಚಿ, ಎದುರಿನ ಕಂಬಿ ಬಿಗಿಯಾಗಿ ಹಿಡಿದು, ಅಜ್ಜಿಯ ಸೆರಗೂ ಹಿಡಿದು ಹೋದೆ.

ಡಾಕ್ಟರು ಹಿಂದಿಯಲ್ಲಿ ಕೇಳಿದರು, ನಾನು ‘ಠೀಕ್ ಹೂಂ’ ಅಂದೆ. ಮೂರು ಸಲ ಅಂದಿರಬೇಕು. ಅಲ್ಲೇ ನಿಂತಿದ್ದ ಸಿಸ್ಟರ್ ಧಾರವಾಡ ಕಡೆಯವರು. ‘ಏನಾಗೇತಿ, ಅಕ್ಕಾ?’ ಅಂದರು. ಅಷ್ಟೇ. ಆಮೇಲೆ ಅರ್ಧ ತಾಸು ಡಾಕ್ಟರು ಪಾಪ ಸುಮ್ಮನೆ ಕೂತಿದ್ದರು.

ಅಪಘಾತ, ಸಾವು ಕಂಡವರಿಗೆ ಮೊದಲ ಕೆಲವು ವಾರ ಹೀಗಾಗುವುದು ರೋಗವಲ್ಲವಂತೆ. ತಿಂಗಳು ಕಳೆದರೂ ಬಿಡದಿದ್ದರೆ, ಆ ಜಾಗ, ಆ ಸದ್ದು ತಪ್ಪಿಸಿಕೊಂಡು ಬದುಕು ಸಣ್ಣದಾಗುತ್ತ ಹೋದರೆ ಚಿಕಿತ್ಸೆ ಬೇಕು. ತಪ್ಪಿಸಿಕೊಂಡಷ್ಟೂ ಭಯ ಬೆಳೆಯುತ್ತದೆ ಅಂತ ತಿಳಿಸಿ ಹೇಳಿದರು. ಗುಳಿಗೆ ಕೊಟ್ಟರು, ಅದು ಹಿಡಿಯಲು ಎರಡು ಮೂರು ವಾರ ಬೇಕು, ಆರಾಮಾಯಿತು ಅಂತ ನಮಗೆ ನಾವೇ ನಿಲ್ಲಿಸಬಾರದು. ನಾನು ಒಮ್ಮೆ ನಿಲ್ಲಿಸಿ ಪೆಟ್ಟು ತಿಂದಿದ್ದೇನೆ. ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಆರನೆಯ ಸಲವೋ ಏಳನೆಯ ಸಲವೋ ಸೇತುವೆ ಮೇಲೆ ಕಣ್ಣು ತೆರೆದೆ. ನೀರು ಕೆಂಪಗಿತ್ತು, ಬಾರ್ಜ್ ಒಂದು ಹೋಗುತ್ತಿತ್ತು. ಅಷ್ಟೇ ನೆನಪಿದೆ.

ನಿನ್ನದು ನನ್ನ ಹಾಗೆ ಭಯವಲ್ಲ, ಮಂಕು. ಎದ್ದೇಳಲು ಮನಸ್ಸಿಲ್ಲ, ಊಟ ಸೇರದು ಅಂತೀಯಾ. ಅದಕ್ಕೆ ಈ ನೆಲದಲ್ಲೇ ಒಂದು ಒಳ್ಳೆಯ ಕೆಲಸ ನಡೆದಿದೆ. ಗೋವಾದಲ್ಲಿ ಸಂಗಾತ್ ಎಂಬ ಸಂಸ್ಥೆ 1996ರಿಂದ ಇದೆ, ಡಾ. ವಿಕ್ರಮ್ ಪಟೇಲ್ ಮತ್ತು ಗೆಳೆಯರು ಕಟ್ಟಿದ್ದು. ಮನಶ್ಶಾಸ್ತ್ರ ಓದದ ಸಾಧಾರಣ ಜನರಿಗೆ ತರಬೇತಿ ಕೊಟ್ಟು, ಅವರಿಂದಲೇ ಆಪ್ತಸಮಾಲೋಚನೆ ಮಾಡಿಸಿ, ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೀವ್ರ ಖಿನ್ನತೆಯ 495 ಜನರ ಮೇಲೆ ಪರೀಕ್ಷೆ ಮಾಡಿದರು. 2017ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅದರ ಫಲಿತಾಂಶ ಬಂತು. ಆರೆಂಟು ಭೇಟಿ, ಅಷ್ಟೇ. ಮೂರು ತಿಂಗಳಲ್ಲಿ ಇವರ ಆರೈಕೆ ಸಿಕ್ಕವರಲ್ಲಿ ನೂರಕ್ಕೆ 64 ಮಂದಿ ಚೇತರಿಸಿದ್ದರು, ಸಿಗದವರಲ್ಲಿ 39. ಅವರು ಹೇಳಿಕೊಟ್ಟದ್ದರ ತಿರುಳು ನಮ್ಮ ಅಜ್ಜಿಯ ಬೈಗುಳದ ಹಾಗೇ ಇದೆ: ಮನಸ್ಸು ಬರಲಿ ಅಂತ ಕಾಯಬೇಡ, ಮೊದಲು ಕೆಲಸಕ್ಕೆ ಏಳು, ಮನಸ್ಸು ಹಿಂದಿನಿಂದ ಬರುತ್ತದೆ. ದೊಡ್ಡದೇನೂ ಬೇಡ. ಸ್ನಾನ, ಒಂದು ರೊಟ್ಟಿ, ಒಬ್ಬರಿಗೆ ಫೋನು. ಅವ್ವ ಮಾಡುತ್ತಿದ್ದ ಪುಂಡಿಪಲ್ಯ ನಿನಗೆ ಬರುತ್ತದಾ? ಭಾನುವಾರ ಅದನ್ನೇ ಮಾಡು. ಕೆಟ್ಟರೂ ಪರವಾಗಿಲ್ಲ, ಬಿಹಾರದವನಿಗೆ ಗೊತ್ತಾಗುವುದಿಲ್ಲ.

ಒಂದು ವಿಷಯಕ್ಕೆ ಮಾತ್ರ ಗದರುತ್ತೇನೆ. ಗೋವಾದಲ್ಲಿ ಕುಡಿತ ಅಗ್ಗ, ಸಂಜೆ ಎಲ್ಲ ರೂಮಿನಲ್ಲೂ ಬಾಟಲಿ ಇರುತ್ತದೆ. ಕುಡಿದರೆ ಬೇಗ ನಿದ್ದೆ ಬರುತ್ತದೆ, ಆದರೆ ನಡುರಾತ್ರಿ ಕಳಚಿಕೊಳ್ಳುತ್ತದೆ, ಆ ಹೊತ್ತಿಗೆ ದುಃಖ ಎರಡು ಪಟ್ಟು. ನಮ್ಮ ಕಡೆಯ ಎಷ್ಟೋ ಹುಡುಗರು ಇಲ್ಲೇ ಜಾರಿದ್ದಾರೆ. ಯಾರಾದರೂ ‘ಘಾಂಟಿ’ ಅಂತ, ಘಟ್ಟದಾಚೆಯಿಂದ ಬಂದವರು ಅಂತ ಹೀಯಾಳಿಸಿದಾಗಲೂ ಹುಡುಗರ ಕೈ ಬಾಟಲಿಗೆ ಹೋಗುತ್ತದೆ. ಆ ಮಾತು ನನಗೆ ಈಗಲೂ ಚುಚ್ಚುತ್ತದೆ, ಚುಚ್ಚುವುದಿಲ್ಲ ಅಂತ ಸುಳ್ಳು ಹೇಳಲಾರೆ.

14416 ನಂಬರು ಬರೆದಿಟ್ಟುಕೋ, ಟೆಲಿ ಮಾನಸ್, ಮನಸ್ಸಿನ ತೊಂದರೆಗೆ ಇರುವ ಸಹಾಯವಾಣಿ. ಕೇಂದ್ರ ಸರ್ಕಾರದ್ದು, 2022ರ ಅಕ್ಟೋಬರಿನಲ್ಲಿ ಶುರುವಾಯಿತು. ಹಣವಿಲ್ಲ, ರಾತ್ರಿ ಹಗಲೂ ಇರುತ್ತದೆ, ಕನ್ನಡ ಆರಿಸಿಕೊಳ್ಳಬಹುದು. ಬದುಕೇ ಬೇಡ ಅನ್ನಿಸಿದ ಹೊತ್ತಿಗೆ ಬೆಳಗಾಗಲಿ ಅಂತ ಕಾಯದೆ ಅದಕ್ಕೇ ಮಾಡು, ರೂಮಿನವನನ್ನೂ ಎಬ್ಬಿಸು. ಹಿಂದಿ ತಪ್ಪಾದರೂ ನಡೆಯುತ್ತದೆ.

ಇನ್ನು ವರ್ಷದ ಕಾರ್ಯ. ಹೋಗು. ಯಜಮಾನರ ವರ್ಷಕ್ಕೆ ನಾನು ರಜೆ ಸಿಗಲಿಲ್ಲ ಅಂತ ಹೋಗಲಿಲ್ಲ. ನಿಜ ಹೇಳಬೇಕೆಂದರೆ ಕೇಳಲೇ ಇಲ್ಲ, ಹೆದರಿದ್ದೆ. ಎರಡನೆಯ ವರ್ಷ ಹೋದೆ. ವಾಸ್ಕೋದಿಂದ ಯಶವಂತಪುರಕ್ಕೆ ಹೋಗುವ ರಾತ್ರಿ ಗಾಡಿ ಹುಬ್ಬಳ್ಳಿ ಮೇಲೆಯೇ ಹೋಗುತ್ತದೆ, ಅಲ್ಲಿಂದ ಗದಗ ನಿನಗೆ ಹೇಳಬೇಕಿಲ್ಲ. ಕುಳೆ ಸ್ಟೇಷನ್ ಬಿಟ್ಟಮೇಲೆ ಘಟ್ಟ ಏರುತ್ತ ಗಾಡಿ ನಿಧಾನವಾಗುತ್ತದೆ, ದೂಧಸಾಗರ ಕತ್ತಲಲ್ಲಿ ಬರೀ ಸದ್ದು. ಆಮೇಲೆ ಕ್ಯಾಸಲ್‌ರಾಕ್, ಕರ್ನಾಟಕದ ಮೊದಲ ಸ್ಟೇಷನ್. ಪ್ಲಾಟ್‌ಫಾರ್ಮಿನ ದೀಪದಲ್ಲಿ ಕನ್ನಡದ ಬೋರ್ಡು ಕಂಡಿತು; ಎದುರಿನ ಸೀಟಿನ ಮುದುಕ ನನ್ನ ಮುಖ ನೋಡಿ, ಏನೂ ಕೇಳದೆ, ತನ್ನ ಹೊದಿಕೆಯ ಒಂದು ತುದಿ ನನ್ನ ಕಾಲ ಮೇಲೆ ಎಳೆದು ಮಲಗಿದ.